ಬಣ್ಣದಡಿಯ ತುಕ್ಕು ನಿಂತಿದ್ದು ಹೀಗೆ

ಹಳೆ ಕಾರಿನ ಬಾನೆಟ್ ಕೀಲು, ಬ್ಯಾಟರಿ ಟ್ರೇ ಎರಡನ್ನೂ ತಂತಿ ಬ್ರಷ್‌ನಲ್ಲಿ ಉಜ್ಜಿ ಬಣ್ಣ ಹೊಡೆದಿದ್ದೆ. ಎರಡೇ ತಿಂಗಳಲ್ಲಿ ಗುಳ್ಳೆ ಎದ್ದವು. ಕೆರೆದು ನೋಡಿದರೆ ಸಣ್ಣ ಗುಂಡಿಗಳೊಳಗೆ ತುಕ್ಕು ಹಾಗೇ ಕೂತಿತ್ತು. ಬ್ರಷ್ ಅಲ್ಲಿಗೆ ಮುಟ್ಟುವುದೇ ಇಲ್ಲ, ಅಲ್ವಾ?

ಈ ಸಲ ಗ್ರೀಸ್ ತೊಳೆದು, ಬಿಳಿ ವಿನೆಗರ್‌ನಲ್ಲಿ ಒಂದು ದಿನ ಮುಳುಗಿಸಿಟ್ಟೆ. ತುಕ್ಕು ಕಪ್ಪು ಕೆಸರಾಗಿ ಬಿಟ್ಟುಕೊಂಡಿತು. ಉಳಿದ ಹುಳಿ ಹೋಗಲೆಂದು ಅಡುಗೆ ಸೋಡಾ ನೀರಿನಲ್ಲಿ ಅದ್ದಿದೆ. ಮುಖ್ಯವಾದದ್ದು ಇದರ ನಂತರದ ಕೆಲಸ. ಬರಿ ಕಬ್ಬಿಣ ಒದ್ದೆಯಿದ್ದರೆ ಬೇಗ ಮತ್ತೆ ಕೆಂಪಗಾಗುತ್ತದೆ. ಹೀಟ್ ಗನ್‌ನಲ್ಲಿ ಒಣಗಿಸಿ, ತಣ್ಣಗಾದ ಮೇಲೆ ಥಿನ್ನರ್‌ನಲ್ಲಿ ಒರೆಸಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆದೆ.

ಸ್ಪ್ರಿಂಗ್, ಹದಗೊಳಿಸಿದ ಗಟ್ಟಿ ಬೋಲ್ಟ್‌ಗಳನ್ನು ಮಾತ್ರ ವಿನೆಗರ್‌ಗೆ ಹಾಕಲಿಲ್ಲ. ಆಮ್ಲದಿಂದ ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯಬಹುದು.

ವರ್ಷವಾಯಿತು. ಒಂದು ಗುಳ್ಳೆಯೂ ಇಲ್ಲ.