ಕೂಸಿನ ಕೆಂಪು ಮಚ್ಚೆಗೆ ಔಷಧ ಕೊಡುವುದು ಹೇಗೆ?

ಮೊದಲು ಮಚ್ಚೆ ಯಾವ ಬಗೆಯದೆಂದು ತಿಳಿಯಿರಿ. ಬೆನ್ನಿನ ಕೆಳಭಾಗದ ನೀಲಿ ಮಚ್ಚೆಗೆ ಚಿಕಿತ್ಸೆ ಬೇಡ. ಶಾಲೆಗೆ ಸೇರುವ ಹೊತ್ತಿಗೆ ಅದು ಸಾಮಾನ್ಯವಾಗಿ ಮಾಸುತ್ತದೆ. ಚಪ್ಪಟೆಯಾದ ಕಡುಗೆಂಪು ಮಚ್ಚೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಲೇಸರ್ ಬೇಕು. ಹಣೆ, ರೆಪ್ಪೆಯ ಮೇಲಿದ್ದರೆ ಕಣ್ಣನ್ನೂ ತೋರಿಸಿ.

ಹುಟ್ಟಿದ ಕೆಲವೇ ವಾರಗಳಲ್ಲಿ ಕೆಂಪಗೆ ಉಬ್ಬುವುದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗಂಟು. ತಿಂಗಳು ತುಂಬುವುದರೊಳಗೆ ವೈದ್ಯರಿಗೆ ತೋರಿಸಿ. ಇದು ಭರದಿಂದ ಬೆಳೆಯುವುದು ಎರಡನೆಯ ತಿಂಗಳ ಆಸುಪಾಸಿನಲ್ಲಿ. ‘ತಾನೇ ಕರಗುತ್ತದೆ’ ಎಂದು ಕಾಯುವ ಮಾತು ಬೆನ್ನು, ತೋಳಿನ ಸಣ್ಣ ಮಚ್ಚೆಗೆ ಸರಿ. ಕಣ್ಣು, ಮೂಗು, ತುಟಿ, ಗದ್ದದ ಸುತ್ತ ಇದ್ದರೆ, ಹುಣ್ಣಾಗಿದ್ದರೆ ಕಾಯಲೇಬಾರದು. ಐದು ಅಥವಾ ಹೆಚ್ಚು ಮಚ್ಚೆಗಳಿದ್ದರೆ ಯಕೃತ್ತಿನ ಸ್ಕ್ಯಾನ್ ಮಾಡಿಸಬೇಕು. ಸುಣ್ಣ, ಗಿಡಮೂಲಿಕೆ ಲೇಪ, ಆನ್‌ಲೈನ್‌ನಲ್ಲಿ ಮಾರುವ ‘ಮಚ್ಚೆ ನಿವಾರಕ’ ಕ್ರೀಮ್ ಯಾವುದನ್ನೂ ಹಚ್ಚಬೇಡಿ. ಎಳೆಯ ಚರ್ಮ ಸುಟ್ಟು ಕಲೆ ಉಳಿಯುತ್ತದೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂದು ಬಾಣಂತಿಯನ್ನು ದೂರುವುದೂ ನಿಲ್ಲಲಿ. ಮಚ್ಚೆಗೂ ಗ್ರಹಣಕ್ಕೂ ಸಂಬಂಧವಿಲ್ಲ.

ಸಣ್ಣ, ತೆಳು ಮಚ್ಚೆಗೆ ಕೆಲವೊಮ್ಮೆ ಅದರ ಮೇಲೆ ಹಚ್ಚುವ ಟಿಮೊಲಾಲ್ ಎಂಬ ಔಷಧದ ಹನಿ ಸಾಕಾಗುತ್ತದೆ. ತೊಂದರೆ ಕೊಡುವ ಮಚ್ಚೆಗೆ ಹೊಟ್ಟೆಗೆ ಕೊಡುವ ಪ್ರೊಪ್ರನೊಲಾಲ್. ಹೃದ್ರೋಗದ ಈ ಹಳೆಯ ಮದ್ದು ಹೆಮಾಂಜಿಯೋಮಾವನ್ನು ಕುಗ್ಗಿಸುವುದನ್ನು ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು 2008ರಲ್ಲಿ ವರದಿ ಮಾಡಿದರು.

ಮನೆಯವರು ಎಡವುವುದು ಇದನ್ನು ಕೊಡುವಾಗಲೇ. ಪ್ರಮಾಣ ಕೂಸಿನ ತೂಕಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ಹಾಕಿಸಿ. ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಪುಡಿ ಮಾಡಬೇಡಿ, ಅಡುಗೆಮನೆಯ ಚಮಚವನ್ನು ನಂಬಬೇಡಿ. ದ್ರವರೂಪದ ಔಷಧವನ್ನೇ ಕೇಳಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಹಾಲು ಕುಡಿಯುವಾಗ ಅಥವಾ ಕುಡಿದ ಕೂಡಲೇ ಕೊಡಬೇಕು, ಬರಿಹೊಟ್ಟೆಯಲ್ಲಿ ಎಂದಿಗೂ ಅಲ್ಲ: ರಕ್ತದ ಸಕ್ಕರೆ ಕುಸಿಯಬಹುದು. ದಿನಕ್ಕೆ ಎರಡು ಬಾರಿಯಾದರೆ ನಡುವೆ ಕನಿಷ್ಠ 9 ಗಂಟೆ ಅಂತರವಿರಲಿ. ಉಗುಳಿದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಾಲು ಕೊಡಬೇಡಿ. ಕೂಸು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟರೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಕೇಳಿಸಿದರೆ ಔಷಧ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಮೈ ತಣ್ಣಗಾಗಿ ಬೆವರಿದರೆ, ನಡುಗಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಬಣ್ಣ ತಿಳಿಯಾಯಿತೆಂದು ನೀವೇ ನಿಲ್ಲಿಸಬೇಡಿ, ಮಚ್ಚೆ ಮತ್ತೆ ಬೆಳೆಯುತ್ತದೆ. ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಚಿಕಿತ್ಸೆ ಬೇಕು. ಆಮೇಲೂ ಸಡಿಲ ಚರ್ಮ, ಕೆಂಪು ಗೆರೆಗಳು ಉಳಿದರೆ ಶಾಲೆಗೆ ಸೇರಿಸುವ ಮೊದಲು ಶಸ್ತ್ರಚಿಕಿತ್ಸೆ ಅಥವಾ ಲೇಸರ್ ಬಗ್ಗೆ ಕೇಳಿ.