ಚೌಬಾರದ ಸುತ್ತ ಕಟ್ಟುವ ಮೊದಲು: ಬೀದರಿನ ಹಳೆಪೇಟೆಗೆ ಯೋಜನೆ ಹಾಕುವ ಕ್ರಮ

ಬೀದರಿನ ಹಳೆಪೇಟೆಯ ಅಭಿವೃದ್ಧಿಗೆಂದು ಯಾವ ಸಭೆ ಸೇರಿದರೂ ಮಾತು ಬೇಗನೇ ರಸ್ತೆ ಅಗಲೀಕರಣಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಅಡಿ, ಯಾರ ಕಡೆಯಿಂದ, ಪರಿಹಾರ ಎಷ್ಟು ಎಂಬ ಮೂರು ಪ್ರಶ್ನೆಗಳಲ್ಲಿ ಸಂಜೆ ಮುಗಿಯುತ್ತದೆ. ರಸ್ತೆ ಯಾರಿಗಾಗಿ, ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ಎಂಬುದನ್ನು ಕೇಳುವವರಿರುವುದಿಲ್ಲ. ವಾರ್ಡಿನ ಸದಸ್ಯರು, ಅಂಗಡಿಕಾರರು, ಹಳೆಯ ಮನೆಗಳಲ್ಲಿ ಇಂದಿಗೂ ವಾಸವಿರುವವರು ಇಂಥದೊಂದು ಯೋಜನೆ ತಮ್ಮ ಮುಂದೆ ಬಂದಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ.

ಕ್ರಮವೆಂದರೆ ಇದು: ಮೊದಲು ಖಾಲಿ ಜಾಗ, ನಂತರ ಹಳೆಯ ಕಟ್ಟಡ, ಕೊನೆಗೆ ಹೊಸ ಕಟ್ಟಡ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುವುಮುರುವು. ಹೊಸ ಕಟ್ಟಡಕ್ಕೆ ಹಣ ಹಾಕುವವರಿದ್ದಾರೆ, ಸ್ಮಾರಕದ ಬೆನ್ನಿಗೆ ಕಾನೂನಿದೆ, ಆದರೆ ಮುದುಕರು ಕೂರುವ ಕಟ್ಟೆಗೆ, ಮಕ್ಕಳು ಆಡುವ ಮೂಲೆಗೆ, ಬೇವಿನ ಮರದಡಿಯ ನೆರಳಿಗೆ ವಕಾಲತ್ತು ವಹಿಸುವವರಿಲ್ಲ. ಆದ್ದರಿಂದ ಅವು ನಕ್ಷೆಯಲ್ಲಿ ಉಳಿದದ್ದಾಗಿ ಬರುತ್ತವೆ, ಅಂದರೆ ಬಾರದೇ ಹೋಗುತ್ತವೆ.

ಅಳತೆ ಮತ್ತು ಎಣಿಕೆ

ನಾಲ್ಕು ದಾರಿಗಳು ಸೇರುವಲ್ಲಿ 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ, ಚೌಬಾರ, ನಿಂತಿದೆ. ಅಲ್ಲಿಂದ ಒಂದು ದಾರಿ ಮಹಮೂದ್ ಗವಾನನ ಮದರಸಾವನ್ನು ಹಾಯ್ದು ಕೋಟೆಯ ಕಡೆಗೆ ಹೋಗುತ್ತದೆ. ಈ ದಾರಿಯಲ್ಲಿ ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ನಡೆಯಿರಿ. ಪ್ರತಿ ಇಪ್ಪತ್ತು ಹೆಜ್ಜೆಗೆ ಎರಡು ಅಳತೆ ಬರೆದುಕೊಳ್ಳಿ: ಗೋಡೆಯಿಂದ ಗೋಡೆಗೆ ಎಷ್ಟು, ನಿಜವಾಗಿ ನಡೆಯಲು ಸಿಗುವುದು ಎಷ್ಟು. ಎರಡಕ್ಕೂ ನಡುವಿನ ಅಂತರವನ್ನು ತಿಂದದ್ದು ಏನೆಂದು ಪಕ್ಕದಲ್ಲೇ ಬರೆಯಿರಿ. ನಾನು ಹೀಗೆ ಮೊದಲ ಸಲ ಅಳೆದಾಗ ಹಳೆಯ ಗೋಡೆಗಳ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ದಾರಿಯನ್ನು ಇರುಕು ಮಾಡಿದ್ದು ಟ್ರಾನ್ಸ್‌ಫಾರ್ಮರಿನ ಕಟ್ಟೆ, ಚರಂಡಿಯ ಮೇಲೆ ಹಾಕಿದ ಕಲ್ಲುಚಪ್ಪಡಿ, ಅಂಗಡಿ ಮುಂದಿನ ತಗಡಿನ ಚಪ್ಪರ, ಎಂದೋ ಕಿತ್ತುಹಾಕಬೇಕಿದ್ದ ವಿದ್ಯುತ್ ಕಂಬ ಮತ್ತು ಮುಂಜಾನೆ ತಂದು ನಿಲ್ಲಿಸಿ ರಾತ್ರಿ ಒಯ್ಯುವ ಅಂಗಡಿಕಾರರ ಸ್ವಂತ ಬೈಕುಗಳು. ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ದೂರುವವರ ಗಾಡಿಯೇ ಆ ಜಾಗದಲ್ಲಿ ಇಡೀ ದಿನ ನಿಂತಿರುವುದನ್ನು ಸಭೆಯಲ್ಲಿ ಹೇಳುವುದು ಸ್ವಲ್ಪ ಮುಜುಗರದ ಕೆಲಸ, ಆದರೂ ಹೇಳಬೇಕು.

ಅಳತೆಯ ಬಳಿಕ ಎಣಿಕೆ. ಬೆಳಿಗ್ಗೆ 8ಕ್ಕೆ, 11ಕ್ಕೆ, ಸಂಜೆ 6ಕ್ಕೆ, ರಾತ್ರಿ 9ಕ್ಕೆ ತಲಾ ಹದಿನೈದು ನಿಮಿಷ ಒಂದೇ ಕಡೆ ನಿಂತು, ನಡೆದು ಹೋಗುವವರು, ಬೈಕು, ಆಟೋ, ಕಾರು, ಸರಕಿನ ಗಾಡಿ, ತಳ್ಳುಬಂಡಿ ಎಂದು ಆರು ಸಾಲಿನಲ್ಲಿ ಗೀಟು ಹಾಕುತ್ತ ಹೋಗಿ. ಒಂದು ಸಾಧಾರಣ ದಿನ, ಒಂದು ಶುಕ್ರವಾರ, ಒಂದು ಹಬ್ಬದ ಮುನ್ನಾದಿನ, ಹೀಗೆ ಮೂರು ದಿನವಾದರೂ ಬೇಕು. ನಿಂತು ಮಾತಾಡುವವರನ್ನೂ ಕೂತವರನ್ನೂ ಬೇರೆಯಾಗಿ ಎಣಿಸಿ, ಏಕೆಂದರೆ ಸಾರ್ವಜನಿಕ ಜಾಗ ಎಲ್ಲಿದೆ ಎಂಬುದನ್ನು ಅವರೇ ತೋರಿಸಿಕೊಡುತ್ತಾರೆ. ದಿನದಲ್ಲಿ ಎರಡು ಗಂಟೆ ಮಾತ್ರ ಕಟ್ಟಿಕೊಳ್ಳುವ ರಸ್ತೆಗೆ ಮದ್ದು ಗಂಟೆಗಳಲ್ಲೇ ಇರುತ್ತದೆ: ಸರಕಿನ ಗಾಡಿಗಳು ಬೆಳಗಿನ ಜಾವಕ್ಕೆ ಬರುವಂತೆ ಮಾಡುವುದು, ಸಂಜೆ ಒಂದು ದಿಕ್ಕಿಗೆ ಮಾತ್ರ ವಾಹನ ಬಿಡುವುದು, ಬಾಡಿಗೆ ಕಾರುಗಳನ್ನು ಹಳೆಯ ಊರಗೋಡೆಯ ದರ್ವಾಜಾಗಳ ಹೊರಗೇ ನಿಲ್ಲಿಸುವುದು. ಅಗಲೀಕರಣ ಇಪ್ಪತ್ತನಾಲ್ಕು ಗಂಟೆಯ ಶಸ್ತ್ರಚಿಕಿತ್ಸೆ. ಕೆಡವಿದ ಗೋಡೆಯನ್ನು ಸಂಜೆಯ ನಂತರ ಮತ್ತೆ ನಿಲ್ಲಿಸಲು ಬರುವುದಿಲ್ಲ.

ರಸ್ತೆಯ ಎತ್ತರವನ್ನೂ ನೋಡಿ. ಹಳೆಯ ಡಾಂಬರನ್ನು ಕೆರೆಯದೇ ಅದರ ಮೇಲೆ ಹೊಸದನ್ನು ಹಾಕುತ್ತ ಬಂದ ಕಡೆ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗುತ್ತದೆ, ಮಳೆ ನೀರೂ ಅದೇ ದಾರಿ ಹಿಡಿಯುತ್ತದೆ. ಇದರಿಂದ ಕೂರುವ ಕಟ್ಟೆಯೂ ನೆಲಕ್ಕೆ ಸೇರುತ್ತದೆ. ಹೊಸ ಪದರಕ್ಕೆ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕೆಂಬ ಷರತ್ತು ಟೆಂಡರಿನಲ್ಲೇ ಇದೆಯೇ ಎಂದು ಕೇಳಿ.

ನೆಲದ ಕೆಳಗಿನ ಊರು

ಬೀದರ್ ಇರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಆ ಕಲ್ಲಿನಲ್ಲಿ ನೀರು ಸುಲಭವಾಗಿ ಇಳಿಯುತ್ತದೆ, ಸುಲಭವಾಗಿ ಕೆಡುತ್ತದೆ. ಬಹಮನಿಗಳ ಕಾಲದಲ್ಲಿ ಇಲ್ಲಿ ಕರೇಜ್ ಎಂಬ ಸುರಂಗ ಕಾಲುವೆಗಳನ್ನು ತೋಡಿದರು. ನೌಬಾದಿನದು ಎಲ್ಲರಿಗೂ ಗೊತ್ತು. ಶುಕ್ಲತೀರ್ಥದ್ದು ಮತ್ತು ಹಳೆಯ ಊರಿನ ಗಲ್ಲಿಗಳ ಕೆಳಗೆ ನೀರು ಹಂಚುತ್ತಿದ್ದ ಜಮುನಾ ಮೋರಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಕಾಳಜಿಯ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿದ ಮೇಲೆ ಕರೇಜುಗಳ ಕಡೆಗೆ ಹೊರಗಿನವರ ಗಮನವೂ ಹರಿಯಿತು. ಕಟ್ಟಡ ಯೋಜನೆಯಲ್ಲಿ ಇದಕ್ಕೆ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಸರಳ: ಐದಂತಸ್ತಿನ ಕಾಂಪ್ಲೆಕ್ಸಿನ ನೆಲಮಾಳಿಗೆ, ಕೊಳವೆಬಾವಿ, ಶೌಚದ ಗುಂಡಿ ಇವು ಮೂರೂ ಸುರಂಗವಿರುವ ಆಳಕ್ಕೇ ಇಳಿಯುತ್ತವೆ. ಸುರಂಗಕ್ಕೆ ಮೇಲಿನಿಂದ ತೋಡಿದ ಗಾಳಿಬಾವಿಗಳ ಬಾಯಿಗಳನ್ನು ನಕ್ಷೆಯ ಮೇಲೆ ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದು, ಆ ಗೆರೆಯ ಎರಡೂ ಬದಿಗೆ ನೆಲಮಾಳಿಗೆಯನ್ನೂ ಗುಂಡಿಯನ್ನೂ ನಿಷೇಧಿಸುವ ಪಟ್ಟಿ ಬಿಡಿಸಿ. ಆ ಪಟ್ಟಿಯೇ ಹಸಿರು ದಾರಿಯಾಗಲಿ. ಖಾಲಿ ಬಿಡಬೇಕಾದ ಜಾಗವನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು.

ಸ್ಮಾರಕದ ಸುತ್ತಿನ ಗೆರೆ

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇದು ಎಷ್ಟು ನೆಲವೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಕಟ್ಟಡ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಅದರ ಗೋಡೆಯಿಂದಷ್ಟೇ ಅಳೆದರೂ ನಿಷೇಧಿತ ಪ್ರದೇಶದೊಳಗೆ, ಕಟ್ಟಡವೂ ಸೇರಿ, ಸುಮಾರು 14 ಎಕರೆ ಬರುತ್ತದೆ. ನಿಯಂತ್ರಿತ ಪ್ರದೇಶವನ್ನೂ ಕೂಡಿಸಿದರೆ 88 ಎಕರೆ ದಾಟುತ್ತದೆ. ಅಳತೆ ಶುರುವಾಗುವುದು ಸಂರಕ್ಷಿತ ಗಡಿಯಿಂದಾದ್ದರಿಂದ ನಿಜವಾದ ವಿಸ್ತೀರ್ಣ ಇದಕ್ಕಿಂತ ದೊಡ್ಡದು. ಹತ್ತಿರದ ಬೇರೆ ಸ್ಮಾರಕಗಳ ಸುತ್ತಿನ ಗೆರೆಗಳು ಇದರ ಮೇಲೇ ಬೀಳುತ್ತವೆ. ಹಳೆಪೇಟೆಯಲ್ಲಿ ಮನೆಯಿರುವವರು ಮೊದಲು ತಿಳಿಯಬೇಕಾದದ್ದು ತಮ್ಮ ಮನೆ ಯಾವ ಗೆರೆಯೊಳಗಿದೆ ಎಂಬುದನ್ನು.

ನಿಷೇಧಿತ ಎಂದೊಡನೆ ಜನ ಹೆದರಿ, ಸೋರುವ ಮಾಳಿಗೆಯನ್ನೂ ಮುಟ್ಟದೇ ಬಿಡುತ್ತಾರೆ. ಇಲ್ಲವೇ ರಾತ್ರೋರಾತ್ರಿ ಮೇಲೊಂದು ಅಂತಸ್ತು ಏರಿಸಿ ನೋಟೀಸಿಗೆ ಕಾಯುತ್ತಾರೆ. ಎರಡೂ ಬೇಕಿಲ್ಲ. ಈ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲದಿದ್ದರೂ ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬಹುದು. ಇನ್ನೊಂದು ಮಾತು ಸಭೆಗಳಲ್ಲಿ ಹೆಚ್ಚಾಗಿ ಬರುವುದಿಲ್ಲ: ಕಾಯ್ದೆ ಹೇಳುವ ‘ನಿರ್ಮಾಣ’ದ ವ್ಯಾಖ್ಯೆಯಿಂದ ಚರಂಡಿ, ಸಾರ್ವಜನಿಕ ಶೌಚಾಲಯ, ನೀರು ಸರಬರಾಜಿನ ಕಾಮಗಾರಿಗಳನ್ನು ಹೊರಗಿಡಲಾಗಿದೆ. ಆದ್ದರಿಂದ ‘ಸ್ಮಾರಕವಿದೆ, ಆದಕಾರಣ ಚರಂಡಿ ಮಾಡಲು ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಆ ವ್ಯಾಖ್ಯೆಯನ್ನು ಓದಿ ತೋರಿಸಿ. ಅಗೆಯುವ ಮುಂಚೆ ಪುರಾತತ್ವ ಇಲಾಖೆಯವರನ್ನು ಜಾಗಕ್ಕೆ ಕರೆತರುವುದು ಮಾತ್ರ ಕಡ್ಡಾಯವೆಂದೇ ತಿಳಿಯಿರಿ.

ಪಟ್ಟಿಯಲ್ಲಿಲ್ಲದ ಹಳೆಯದು

ಕಾನೂನು ಕಾಯುವುದು ಪಟ್ಟಿಯಲ್ಲಿರುವ ಸ್ಮಾರಕವನ್ನು. ಊರಿಗೆ ಊರಿನ ಮುಖ ಕೊಡುವ ಕಮಾನು, ವಾಡೆ, ಸೇದುಬಾವಿ, ಮರದ ಕಂಬದ ಪಡಸಾಲೆ ಯಾವ ಪಟ್ಟಿಗೂ ಸೇರಿರುವುದಿಲ್ಲ. ಇವುಗಳಿಗೊಂದು ಪಟ್ಟಿಯನ್ನು ವಾರ್ಡಿನವರೇ ಮಾಡಬೇಕು: ಎದುರಿನಿಂದ ಒಂದು ಫೋಟೋ, ಸಿಟಿ ಸರ್ವೆ ನಂಬರು, ಯಾವುದರಿಂದ ಕಟ್ಟಿದೆ, ಈಗ ಯಾರ ಬಳಕೆಯಲ್ಲಿದೆ, ಎಲ್ಲಿ ಕುಸಿದಿದೆ. ಮಾಲೀಕರ ಒಪ್ಪಿಗೆಯಿಲ್ಲದೆ ಒಳಗಿನ ಫೋಟೋ ಬೇಡ. ಈ ಪಟ್ಟಿ ಕೈಯಲ್ಲಿದ್ದರೆ ರಸ್ತೆಯ ಗೆರೆ ಎಳೆಯುವ ಎಂಜಿನಿಯರಿಗೆ ಆ ಗೆರೆಯನ್ನು ಎರಡಡಿ ಆಚೆ ಸರಿಸಲು ಕಾರಣ ಸಿಗುತ್ತದೆ. ಇಲ್ಲದಿದ್ದರೆ ಅವರ ಪಾಲಿಗೆ ಎಲ್ಲವೂ ‘ಹಳೆಯ ಶಿಥಿಲ ಕಟ್ಟಡ’ವೇ.

ದುರಸ್ತಿಯ ಬಗ್ಗೆ ಒಂದು ಎಚ್ಚರ. ಜಂಬಿಟ್ಟಿಗೆ ಮತ್ತು ಗಚ್ಚಿನಿಂದ ಕಟ್ಟಿದ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಕೆಲವೇ ವರ್ಷಗಳಲ್ಲಿ ಗಿಲಾವಿನ ಜೊತೆ ಕಲ್ಲಿನ ಮುಖವೂ ಹೆಕ್ಕಳಿಕೆಯಾಗಿ ಉದುರುತ್ತದೆ. ಚೆನ್ನಾಗಿ ನೆನೆಸಿ ಅರಳಿಸಿದ ಸುಣ್ಣ, ಮರಳು, ಇಟ್ಟಿಗೆಪುಡಿ ಸೇರಿಸಿ ಹದ ಮಾಡಿದ ಗಾರೆಯೇ ಅದಕ್ಕೆ ಒಗ್ಗುವುದು. ಹೆಚ್ಚು ದಿನ ಹಿಡಿಯುತ್ತದೆ, ಗೌಂಡಿಗಳೂ ಗೊಣಗುತ್ತಾರೆ. ಆದರೂ ಅದನ್ನೇ ಮಾಡಿಸಿ.

ಕಟ್ಟಡದ ಜೊತೆಗೆ ಕಸುಬನ್ನೂ ಪಟ್ಟಿಗೆ ಸೇರಿಸಬೇಕು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬೆಳ್ಳಿತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಕಪ್ಪು ಬಣ್ಣ ತರುವ ಬಿದ್ರಿ ಕೆಲಸ ನಡೆಯುವುದು ಚಿಕ್ಕ ಕೋಣೆಗಳಲ್ಲಿ. ಉಳಿಯ ಟಕಟಕ ಸದ್ದು ರಸ್ತೆಗೆ ಕೇಳುವಂತಿದ್ದರೆ ಮಾತ್ರ ದಾರಿಹೋಕ ಗಿರಾಕಿಯಾಗುತ್ತಾನೆ. ಕುಶಲಕರ್ಮಿಗಳನ್ನು ಊರಾಚೆಯ ಹೊಸ ಶೆಡ್ಡಿಗೆ ಕಳಿಸಿ, ಅವರು ಬಿಟ್ಟ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುವಂತೆ ಮಾಡುವ ಯೋಜನೆಯನ್ನು ಸಂರಕ್ಷಣೆಯೆಂದು ಕರೆಯಲಾಗದು.

ಬೀದಿ ವ್ಯಾಪಾರಿಗಳು

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾಗಿ ಬರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ 30 ದಿನಗಳ ನೋಟೀಸು ಬೇಕು. ಯೋಜನೆ ಬಂದಾಗ ಈ ಸಮಿತಿ ಸಭೆ ಸೇರಿದೆಯೇ, ಅದರ ನಡಾವಳಿ ಎಲ್ಲಿದೆ ಎಂದು ಕೇಳಿ. ಹಣ್ಣಿನ ಬಂಡಿಗೆ ಗೆರೆ ಎಳೆದು ಜಾಗ ಕೊಟ್ಟರೆ ಅದು ಗೆರೆಯೊಳಗೆ ನಿಲ್ಲುತ್ತದೆ, ಓಡಿಸಿದರೆ ಮರುದಿನ ಇನ್ನೂ ನಾಲ್ಕಡಿ ಒಳಕ್ಕೆ ಬಂದು ನಿಲ್ಲುತ್ತದೆ.

ಬೆಳೆಯುವುದು ಎಲ್ಲಿ

ಊರು ಬೆಳೆಯಬಾರದೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಮೂವರು ಮಕ್ಕಳಿಗೆ ಒಂದೇ ಅಂಗಡಿ ಇರುವ ಮನೆಯವರಿಗೆ ಜಾಗ ಬೇಕು, ಬಾಡಿಗೆ ಬೇಕು. ಮೂವತ್ತಡಿ ಆಳದ ಅಂಗಡಿಯಿಂದ ರಸ್ತೆಗೆ ಹತ್ತಡಿ ಹೋದರೆ ಮೂರನೇ ಒಂದು ಭಾಗ ಹೋದಂತೆ. ಉಳಿದ ಇಪ್ಪತ್ತಡಿಯಲ್ಲಿ ಮೆಟ್ಟಿಲಿಗೇ ಜಾಗ ಸಾಲದು. ಇಂಥ ಕಡೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರ 14ಬಿ ಕಲಮಿನಡಿ ಸಿಗುವ ಅಭಿವೃದ್ಧಿ ಹಕ್ಕಿನ ವರ್ಗಾವಣೆಯನ್ನು, ಅಂದರೆ ಟಿಡಿಆರ್ ಅನ್ನು, ಪರಿಶೀಲಿಸಬಹುದು. ಬಿಟ್ಟುಕೊಟ್ಟ ನೆಲಕ್ಕೆ ಪ್ರತಿಯಾಗಿ ಬೇರೆಡೆ ಕಟ್ಟುವ ಹಕ್ಕು ಇದರಿಂದ ಸಿಗುತ್ತದೆ. ಆದರೆ ಆ ಹಕ್ಕನ್ನು ಕೊಳ್ಳುವವರಿದ್ದರೆ ಮಾತ್ರ ಅದಕ್ಕೆ ಬೆಲೆ. ಬೆಂಗಳೂರಿನಲ್ಲಿ ಇರುವಂಥ ಬೇಡಿಕೆ ನಮ್ಮಲ್ಲಿಲ್ಲ. ನಗದು ಪರಿಹಾರದ ಬದಲು ಕಾಗದ ಕೊಟ್ಟರೆ ಸಹಿ ಹಾಕುವ ಮುನ್ನ ಅದನ್ನು ಈ ಊರಲ್ಲಿ ಯಾರು, ಎಲ್ಲಿ ಬಳಸಬಲ್ಲರು ಎಂದು ವಿಚಾರಿಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಎತ್ತರದ ಕಟ್ಟಡಗಳು ದರ್ವಾಜಾಗಳ ಹೊರಗೆ ಹೋಗಬೇಕು. ಹಳೆಪೇಟೆಯೊಳಗೆ ನೆಲಮಹಡಿಯಲ್ಲಿ ಅಂಗಡಿ, ಮೇಲೊಂದು ಮಹಡಿಯಲ್ಲಿ ವಾಸ, ಹಿಂದಿನ ಅಂಗಳಕ್ಕೆ ತೆರೆದ ಬಾಗಿಲು ಇರಬೇಕು. ಮೇಲೆ ಜನ ವಾಸವಿರುವ ಬೀದಿಯಲ್ಲಿ ರಾತ್ರಿ ಹತ್ತಕ್ಕೂ ದೀಪವಿರುತ್ತದೆ, ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಬರೀ ಅಂಗಡಿಗಳ ಬೀದಿ ಶಟರ್ ಎಳೆದ ಮೇಲೆ ನಾಯಿಗಳ ಪಾಲು.

ಹೊಸ ಚೌಕವೋ ಕಾಲುದಾರಿಯೋ ಮಾಡುವುದಾದರೆ ಹೊಳಪಿನ ಗ್ರಾನೈಟ್ ಬೇಡವೆನ್ನಿ. ಮಳೆಯಲ್ಲಿ ಅದು ಜಾರುತ್ತದೆ. ಒರಟು ಮುಖದ ಶಹಾಬಾದ್ ಫರಸಿ ಪಕ್ಕದ ಜಿಲ್ಲೆಯಿಂದಲೇ ಬರುತ್ತದೆ, ಒಡೆದರೆ ಒಂದನ್ನು ಎತ್ತಿ ಇನ್ನೊಂದನ್ನು ಕೂರಿಸಬಹುದು. ಅದಕ್ಕಿಂತ ಮೊದಲು ನೆರಳು: ಬೇವು, ಹೊಂಗೆ ನೆಟ್ಟು, ಬುಡದ ಸುತ್ತ ನಾಲ್ಕಡಿ ಮಣ್ಣು ತೆರೆದಿರುವಂತೆ ನಕ್ಷೆಯಲ್ಲೇ ಬರೆಸಿ. ಬೀದರಿನ ಮೇ ತಿಂಗಳಲ್ಲಿ ನೆರಳಿಲ್ಲದ ಬೆಂಚು ದೋಸೆಯ ಹಂಚು.

ಆಕ್ಷೇಪಣೆ ಬರೆಯುವಾಗ

ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯ ಕರೆಯಬೇಕೆಂದು ಅದೇ 1961ರ ಕಾಯ್ದೆ ಹೇಳುತ್ತದೆ. ‘ನಮ್ಮ ಪರಂಪರೆ ಉಳಿಸಿ’ ಎಂದು ನೂರು ಜನ ಸಹಿ ಹಾಕಿದ ಮನವಿಗೆ ಉತ್ತರ ಕೊಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಬದಲಿಗೆ ಪ್ರತಿ ಆಕ್ಷೇಪಣೆಯೂ ಒಂದೇ ವಿಷಯದ ಮೇಲಿರಲಿ: ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರು, ಈಗ ತೋರಿಸಿರುವ ಬಳಕೆ, ನೀವು ಕೇಳುವ ಬದಲಾವಣೆ, ಅದಕ್ಕೆ ನಿಮ್ಮ ಅಳತೆಯ ಪುಟ ಮತ್ತು ಎಣಿಕೆಯ ಪುಟ. ಖಾಲಿ ಜಾಗಗಳಿಗೆ ಮೊದಲ ಅರ್ಜಿ, ಕರೇಜಿನ ಮೇಲಿನ ಹಸಿರು ದಾರಿಗೆ ಎರಡನೆಯದು, ಕಟ್ಟಡಗಳ ಪಟ್ಟಿಗೆ ಮೂರನೆಯದು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ವಾಪಸು ತನ್ನಿ. ಕೊನೆಯ ದಿನದ ಸಂಜೆಗೆ ಬಿಡಬೇಡಿ. ಆ ಹೊತ್ತಿಗೆ ಟಪಾಲಿನ ಗುಮಾಸ್ತರು ಕುರ್ಚಿಯಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ.