ಅಟ್ಟದ ಮೇಲೆ ನಾಲ್ಕಿಂಚು: ನನ್ನ ಅನುಭವ

ಮೊನ್ನೆ ಆಷಾಢದ ಮಳೆಯಲ್ಲಿ, ನಮ್ಮನೆ ಅಟ್ಟದ ಮೇಲೆ, ಪದ್ಮಾಸನ ಬಿಚ್ಚದೆ ಒಂದರ ಹಿಂದೆ ಒಂದು ಹನ್ನೊಂದು ಸಲ ನೆಲ ಬಿಟ್ಟೆ. ಧ್ಯಾನದ ಬಲದಿಂದ ಮೇಲೇಳೋದು ಅಂತಾರಲ್ಲ, ಆ ‘ಯೋಗದ ಹಾರಾಟ’ದ ಕುಪ್ಪಳಿಕೆ ಇದು. ‘ನಲವತ್ತೆಂಟಕ್ಕೆ ಮೊಣಕಾಲು ಮುರ್ಕಂಡು ಕೂರ್ತೀಯ ಮಾರಾಯ’ ಎಂದಿದ್ದ ಭಾವ ಆಗ ಕೆಳಗೆ ಜಗಲಿಯಲ್ಲೇ ಕೂತಿದ್ದ.

ಕೂತು ರೂಢಿ ಇದ್ದವರಿಗೆ ಆಸನದ ಪಾಠ ಬೇಡ. ದುಡ್ಡು ಹೋದ ಕಥೆ ಹೇಳ್ತೇನೆ. ಮೊದಲು ಇದನ್ನು ಕಲಿಸೋ ಒಂದು ಶಿಬಿರಕ್ಕೆ ಎಂಟು ಸಾವಿರದ ಹತ್ತಿರ ಕಟ್ಟಿದೆ. ಹತ್ತು ದಿನವಾದರೂ ಕುಂಡೆ ಚಾಪೆ ಬಿಡಲಿಲ್ಲ. ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ಫೋಮ್ ತಂದೆ, ಮೂರೂವರೆ ಸಾವಿರವೋ ಏನೋ. ತೀರಾ ಮೆತ್ತಗಿನದು, ಒತ್ತಿದ ಜೋರನ್ನೆಲ್ಲ ಅದೇ ನುಂಗಿತು. ಮಳೆಗೆ ಬೂಸ್ಟು ಹಿಡಿದು ಅಟ್ಟವೆಲ್ಲ ನಾತ. ಗಟ್ಟಿ ಫೋಮಿನ ಮೇಲೆ ಹಳೇ ಜಮಖಾನ ಬಿಗಿದ ಮೇಲೆ ದಾರಿಗೆ ಬಂತು. ಮೊಣಕಾಲಿನ ಎಣ್ಣೆ, ಎಕ್ಸ್‌ರೇ ಲೆಕ್ಕ ನನ್ನವಳ ಹತ್ತಿರ ಇದೆ, ಕೇಳುವ ಧೈರ್ಯ ನನಗಿಲ್ಲ.

ಮೊಣಕಾಲು ಕೆಳಕ್ಕೆ ಬಡಿದು ಎದೆ ಮೇಲಕ್ಕೆ ಎಳೆದುಕೊಳ್ಳಬೇಕು. ಆ ಎರಡರ ನಡುವೆ ಉಸಿರನ್ನು ಏನು ಮಾಡಬೇಕು ಅನ್ನೋದನ್ನು ಮಾತ್ರ ಬರೆಯಲ್ಲ. ನನ್ನ ಆರು ತಿಂಗಳು ತಿಂದ ಗುಟ್ಟು ಅದು.

ಭಾವನದು ಒಂದೇ ಹಟ: ಇದು ಧ್ಯಾನ ಅಲ್ಲ, ಕಸರತ್ತು. ನಾನು ಪತಂಜಲಿಯ ಯೋಗಸೂತ್ರದಲ್ಲಿ ಸಿದ್ಧಿಗಳ ಅಧ್ಯಾಯ, ವಿಭೂತಿಪಾದ ತೆಗೆದೆ, ಹತ್ತಿಯ ಹಾಗೆ ಹಗುರಾಗಿ ಆಕಾಶಗಮನ ಅಂತಿದೆಯಲ್ಲ. ಅವನು ಬಿಡ್ತಾನ? ‘ಭಾವಾತೀತ ಧ್ಯಾನ ಕಲಿಸಿದ ಮಹರ್ಷಿ ಮಹೇಶ ಯೋಗಿ ಶಿಷ್ಯರು 1986ರಲ್ಲಿ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಎದುರು ಮಾಡಿದ್ದೂ ಕುಪ್ಪಳಿಸೋದೇ. ತೇಲೋದು, ಹಾರೋದು ಮುಂದಿನ ಮೆಟ್ಟಿಲು ಅಂತ ಅವರೇ ಅಂತಾರೆ.’ ಹಠಯೋಗದ ಹಳೇ ಗ್ರಂಥ ಶಿವಸಂಹಿತೆಯಲ್ಲೂ ಪ್ರಾಣಾಯಾಮ ಮಾಡಿದರೆ ಮೊದಲು ಬೆವರು, ನಡುಕ, ಆಮೇಲೆ ಕಪ್ಪೆ ನೆಗೆತ, ಅದಾದ ಮೇಲೆ ಗಗನ. ಕಪ್ಪೆವರೆಗೆ ಬಂದಿದ್ದೇನಲ್ಲ!

ಸರಿ, ನೋಡೇಬಿಡೋಣ ಅಂತ ಮೊಬೈಲನ್ನು ಸ್ಲೋಮೋಷನ್ನಿಗೆ ಇಟ್ಟೆ, ಸೆಕೆಂಡಿಗೆ 240 ಫ್ರೇಮ್. ಏರಲು 35ರ ಆಸುಪಾಸು, ಇಳಿಯಲೂ ಅಷ್ಟೇ. ಆ ಲೆಕ್ಕಕ್ಕೆ ನಾಲ್ಕು ಇಂಚು. ಸಿಪ್ಪೆಗೋಟಿನ ಒಂದು ಅಡಿಕೆಯನ್ನು ಅಷ್ಟೇ ಎತ್ತರದಿಂದ ಬಿಟ್ಟೆ: ಅದಕ್ಕೂ 35. ಮೇಲೆ ಒಂದು ಗಳಿಗೆ ನಿಂತ ಹಾಗೆ ನನಗನಿಸಿದ್ದು ವಿಡಿಯೋದಲ್ಲಿ ಎಲ್ಲೂ ಇಲ್ಲ. ಭಾವನ ಮುಳ್ಳಿನ ತಕ್ಕಡಿ ತಂದು ಅದರ ಮೇಲೂ ಕೂತೆ. ನನ್ನ ತೂಕ 62 ಕೆಜಿ. ಹಗುರಾಗೋದಿದ್ದರೆ ನೆಗೆಯೋ ಮುಂಚೆ ಮುಳ್ಳು ಇಳಿಯಬೇಕಿತ್ತು. ಅದು ನೂರು ದಾಟಿ ಹೊಡೆಯಿತು. ತೊಡೆ ಒತ್ತಿದ್ದೇ ಸೈ.

ಅಷ್ಟಕ್ಕೇ ಭಾವ ಗೆದ್ದ ಅಂತಲ್ಲ. ಒಂದು ವಾರ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂತು ನೆಗೆದೆ, ಇನ್ನೊಂದು ವಾರ ಕೂರದೆ. ಎತ್ತರ ಎರಡಕ್ಕೂ ಒಂದೇ. ಆದರೆ ಕೂರದ ದಿನ ಐದು ನೆಗೆತಕ್ಕೇ ಏದುಸಿರು, ‘ಈಗ ನೆಗಿ’ ಅಂತ ನಾನೇ ಹೇಳಿಕೊಳ್ಳಬೇಕು. ಕೂತ ದಿನ ಬೆನ್ನ ಬುಡದಿಂದ ಸೀನು ಬಂದ ಹಾಗೆ ತಾನಾಗಿ ಬರುತ್ತೆ. ಸೀನಿಗೂ ಸ್ನಾಯು ಬೇಕು, ಒಪ್ಪಿದೆ. ಕಬಡ್ಡಿ ಆಡುವ ಅಳಿಯ ಮಂತ್ರಗಿಂತ್ರ ಗೊತ್ತಿಲ್ಲದೆ ಮೊದಲ ವಾರಕ್ಕೇ ನನಗಿಂತ ಮೇಲೆ ಹೋದ, ಅವನಿಗೆ ಆ ಸೀನು ಬರಲಿಲ್ಲವಂತೆ.

ತಕ್ಕಡಿ ಮಾತ್ರ ಈಗ ಖಾಲಿ ಇದ್ದಾಗಲೂ ಎರಡು ಕೆಜಿ ತೋರಿಸುತ್ತೆ. ಕೊಯ್ಲಿಗೆ ಮುಂಚೆ ಸರಿ ಮಾಡಿಸಿ ಕೊಡು ಅಂತ ಭಾವ ದಿನಾ ಫೋನ್ ಮಾಡ್ತಾನೆ.